ಇಪ್ಪತ್ತು ಕಿಲೋ ಮೊಸರು

ತಕ್ಕಡಿಯವರ ತೂಕ ಎಂಬತ್ತು ಕಿಲೋ. ಮದುವೆಯಾದ ವರ್ಷ ಎಂಬತ್ತಿತ್ತು, ಮಗಳು ಹುಟ್ಟಿದಾಗ ಎಂಬತ್ತಿತ್ತು, ಆ ಮಗಳು ಗಂಡನ ಮನೆಗೆ ಹೋದಾಗಲೂ ಎಂಬತ್ತೇ ಇತ್ತು. ಈ ನಡುವೆ ಅವರ ಪ್ಯಾಂಟುಗಳು ಒಂದೊಂದಾಗಿ ಚಿಕ್ಕವಾದವು. ಅದಕ್ಕೆ ಅವರು ಮೊದಲು ದರ್ಜಿಯನ್ನು ಬೈದರು, ಆಮೇಲೆ ಬಟ್ಟೆಯನ್ನು ಬೈದರು, ಕೊನೆಗೆ ವಾಷಿಂಗ್ ಮಷೀನನ್ನು ಬೈದರು. ತೂಕದ ಬಗ್ಗೆ ಮಾತ್ರ ಅವರಿಗೆ ಸಂಶಯವಿರಲಿಲ್ಲ. ತೂಕವೇ ಅವರ ಕಸುಬು.

ಊರ ಹೊರಗೆ, ಗೋದಾಮುಗಳ ಸಾಲು ಮುಗಿಯುವಲ್ಲಿ, ಲಾರಿಗಳನ್ನು ತೂಗುವ ವೇಬ್ರಿಡ್ಜ್ ಒಂದಿದೆ. ನೆಲಕ್ಕೆ ಸಮನಾದ ಉದ್ದನೆಯ ಉಕ್ಕಿನ ಹಾಸು, ಪಕ್ಕದಲ್ಲಿ ಗಾಜಿನ ಕೋಣೆ, ಕೋಣೆಯ ನೆತ್ತಿಯ ಮೇಲೆ ದೂರಕ್ಕೂ ಕಾಣುವ ಕೆಂಪು ಅಂಕಿಗಳು. ಆ ಕೋಣೆಯಲ್ಲಿ ಕೂತು ಲಾರಿಗಳ ಭಾರ ಹೇಳುವವರೇ ನಮ್ಮ ತಕ್ಕಡಿಯವರು. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ದಿನಾ ಬೆಳಗ್ಗೆ ಮೊದಲ ಲಾರಿ ಹತ್ತುವ ಮುಂಚೆ ಅವರು ಹಾಸನ್ನು ಗುಡಿಸಿ, ಸೊನ್ನೆ ಬಂದಿದೆಯೇ ನೋಡಿ, ಯಂತ್ರ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು ತಾವೇ ಹೋಗಿ ನಡುವೆ ನಿಲ್ಲುತ್ತಿದ್ದರು. ಎಂಬತ್ತು ಎಂದು ತೋರಿಸುತ್ತಿತ್ತು. “ಸರಿಯಾಗಿದೆ,” ಎನ್ನುತ್ತಿದ್ದರು. ಯಂತ್ರ ಸರಿಯಾಗಿದೆ ಎಂದೋ ತಾವು ಸರಿಯಾಗಿದ್ದೇವೆ ಎಂದೋ ಹೇಳುವುದು ಕಷ್ಟ. ಅವರಿಗೆ ಅವೆರಡೂ ಒಂದೇ.

ಆ ಯಂತ್ರವನ್ನು ಮಾಡಿದ್ದು ಲಾರಿಗಳಿಗಾಗಿ. ಇಪ್ಪತ್ತು ಕಿಲೋಗಿಂತ ಸಣ್ಣ ಲೆಕ್ಕ ಅದಕ್ಕೆ ಬಾರದು. ಅರವತ್ತು, ಎಂಬತ್ತು, ನೂರು, ಹೀಗೆ ಇಪ್ಪತ್ತಿಪ್ಪತ್ತರ ಮೆಟ್ಟಿಲಿನಲ್ಲಿ ಅದು ಹತ್ತಿ ಇಳಿಯುತ್ತದೆ. ಎಪ್ಪತ್ತೊಂದರವನು ನಿಂತರೂ ಎಂಬತ್ತು, ಎಂಬತ್ತೊಂಬತ್ತರವನು ನಿಂತರೂ ಎಂಬತ್ತು. ಇದು ತಕ್ಕಡಿಯವರಿಗೆ ಗೊತ್ತಿರಲಿಲ್ಲವೆಂದಲ್ಲ. ಲಾರಿಗಳ ವಿಷಯದಲ್ಲಿ ಚೆನ್ನಾಗಿಯೇ ಗೊತ್ತಿತ್ತು.

ಒಂದು ಬೆಳಗ್ಗೆ ಅವರು ಕಂಪನಿ ಕೊಟ್ಟ ಹೊಸ ಬೂಟು ಹಾಕಿಕೊಂಡು ಎಂದಿನಂತೆ ಹಾಸಿನ ನಡುವೆ ನಿಂತು ತಲೆಯೆತ್ತಿದರು. ನೂರು.

ಕೆಳಗಿಳಿದರು. ಸೊನ್ನೆ. ಇನ್ನೊಮ್ಮೆ ಗುಡಿಸಿದರು, ಸಂದಿಯಲ್ಲಿದ್ದ ಒಂದು ಕಲ್ಲುಚೂರನ್ನು ಬೆರಳಿನಿಂದ ಕಿತ್ತು ಎಸೆದರು, ಮತ್ತೆ ಹತ್ತಿದರು. ನೂರು. ಜೇಬಿನಿಂದ ಪೆನ್ನು ತೆಗೆದಿಟ್ಟು ಹತ್ತಿದರು. ನೂರು.

ಸಾಲಿನ ಮೊದಲ ಲಾರಿಯ ಡ್ರೈವರ್ ಕಿಟಕಿಯ ಮೇಲೆ ಮೊಣಕೈ ಊರಿ ಇದನ್ನೆಲ್ಲ ನೋಡುತ್ತಿದ್ದ.

“ಏನ್ ಸಾಹೇಬ್ರೆ, ಓವರ್‌ಲೋಡಾ?”

“ಮಷೀನ್ ಚೆಕ್ ಮಾಡ್ತಿದೀನಪ್ಪ.”

“ಮಷೀನ್ ಸರಿಯಾಗೇ ಇದೆ. ನಿನ್ನೆ ನಾನು ಜಗಳ ತೆಗೆದಾಗ ನೀವೇ ಹೇಳಿದ್ರಲ್ಲ, ಮನುಷ್ಯ ಸುಳ್ಳು ಹೇಳಬಹುದು, ಇದು ಹೇಳಲ್ಲ ಅಂತ. ನಿನ್ನೆ ರಾತ್ರಿ ಏನ್ ತುಂಬಿಸ್ಕೊಂಡ್ರಿ?”

ತಕ್ಕಡಿಯವರು ಯಾವ ಲಾರಿಯ ವಿಷಯದಲ್ಲಾದರೂ ಮಾಡುವ ಹಾಗೆಯೇ ಯೋಚಿಸಿದರು. ನಿನ್ನೆ ಎಂಬತ್ತು, ಇವತ್ತು ನೂರು, ನಡುವೆ ಹೇರಿದ್ದೇನು? ಊಟ ಎಂದಿನದೇ. ಹಾಲಿನ ಅಂಗಡಿ ಇಟ್ಟಿರುವ ಭಾಮೈದ ರಾತ್ರಿ ಒಂದು ಪಾತ್ರೆ ಗಟ್ಟಿ ಮೊಸರು ತಂದುಕೊಟ್ಟಿದ್ದ. ಹೆಚ್ಚಿನದೆಂದರೆ ಅದೊಂದೇ.

“ಮೊಸರು,” ಎಂದರು.

“ಎಷ್ಟು?”

“ಎರಡು ಬಟ್ಟಲು. ಆಮೇಲೆ ಪಾತ್ರೆ ಬಳಿದಿದ್ದು.”

“ಬಳಿದಿದ್ದೇ ಹತ್ತು ಕಿಲೋ ಬಂದಿರ್ಬೇಕು ಬಿಡಿ,” ಎಂದು ಡ್ರೈವರ್ ಗೇರು ಹಾಕಿದ. ಡ್ರೈವರುಗಳ ಬಾಯಿಗಿಂತ ವೇಗದ ವಾಹನ ಇನ್ನೂ ರಸ್ತೆಗೆ ಬಂದಿಲ್ಲ. ತಕ್ಕಡಿಯವರು ಸಂಜೆ ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿ ಕೂತಿತ್ತು.

ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಅವರ ಸುತ್ತ ಒಂದು ಸುತ್ತು ಬಂದಳು.

“ಇಪ್ಪತ್ತು ಕಿಲೋನಾ? ಗ್ಯಾಸ್ ಸಿಲಿಂಡರ್ ಎತ್ತಿದ ಹಾಗಾಯ್ತಲ್ರೀ. ಎಲ್ಲಿದೆ?”

“ಎಲ್ಲಾ ಕಡೆ ಹಂಚ್ಕೊಂಡಿರುತ್ತೆ.”

“ನನ್ನ ತಮ್ಮ ತಂದ ಮೊಸರು ಪಾತ್ರೆ ಸಮೇತ ಎರಡು ಕಿಲೋ ಇರ್ಲಿಲ್ಲ.”

“ನಿಂಗರ್ಥ ಆಗಲ್ಲ. ನೀನು ಒಂದು ಪಾತ್ರೆ ಹಾಲಿಗೆ ಎಷ್ಟು ಹೆಪ್ಪು ಹಾಕ್ತೀಯ?”

“ಒಂದು ಚಮಚ.”

“ಬೆಳಗ್ಗೆ ಎಷ್ಟು ಮೊಸರಾಗಿರುತ್ತೆ?”

“ಪಾತ್ರೆ ಪೂರ್ತಿ.”

“ಅಷ್ಟೇ. ನಾನು ತಿಂದಿದ್ದು ಹೆಪ್ಪು.”

ಹೆಂಡತಿ ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು.

ಮೇಲಿನ ಮನೆಯ ಮೇಷ್ಟ್ರು ಆಗಲೇ ಮೆಟ್ಟಿಲ ಮೇಲೆ ನಿಂತಿದ್ದರು. ಕೆಲಸದಲ್ಲಿರುವಷ್ಟು ಕಾಲ ಅವರು ಭೂಗೋಳ ಕಲಿಸಿದ್ದರು. ನಿವೃತ್ತಿಯ ನಂತರ ವಿಜ್ಞಾನಕ್ಕೆ ಬಂದಿದ್ದರು. “ಹೆಪ್ಪಿನ ವಾದ ತಳ್ಳಿಹಾಕೋ ಹಾಗಿಲ್ಲ,” ಎಂದರು. “ಹಾಲು ಯಾಕಿರೋದು ಹೇಳಿ? ಕರು ಬೆಳೀಲಿ ಅಂತ. ಕರು ಎಷ್ಟು ಬೇಗ ಬೆಳೆಯುತ್ತೆ ನೋಡಿದೀರಾ? ಅದನ್ನೇ ನಾವು ಕುಡಿದು ಕುರ್ಚಿ ಮೇಲೆ ಕೂತ್ಕೊಳ್ತೀವಿ.”

ಆ ಸಂಜೆಯೇ ಫ್ರಿಜ್ಜಿನಿಂದ ಹಾಲು, ಮೊಸರು, ಬೆಣ್ಣೆ, ಅರ್ಧ ತಿಂದ ಚೀಸು ಎಲ್ಲವೂ ಹೊರಬಿದ್ದವು. ಬೀದಿಯ ಬೆಕ್ಕು ತನ್ನ ಅದೃಷ್ಟವನ್ನು ನಂಬಲಾರದೆ ಮೊದಲು ಸುತ್ತಮುತ್ತ ನೋಡಿ, ಆಮೇಲೆ ಬಾಯಿ ಹಾಕಿತು.

ಮರುದಿನ ಹೊಸ ಬೂಟು ಕಾಲು ಕಚ್ಚಿದ್ದರಿಂದ ತಕ್ಕಡಿಯವರು ಹಳೆಯ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದರು. ಹಾಸಿನ ಸುತ್ತ ಆಗಲೇ ಡ್ರೈವರುಗಳು ಸೇರಿದ್ದರು. ಅವರು ಕಣ್ಣು ಮುಚ್ಚಿ ಹತ್ತಿ, ಕಣ್ಣು ತೆರೆದರು. ಎಂಬತ್ತು.

ಚಪ್ಪಾಳೆ ಬಿತ್ತು. ಒಬ್ಬನಂತೂ ಹಾರನ್ ಹೊಡೆದ. ಒಂದು ರಾತ್ರಿ ಮೊಸರು ಬಿಟ್ಟಿದ್ದಕ್ಕೆ ಇಪ್ಪತ್ತು ಕಿಲೋ! ಬೂಟಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಬೂಟನ್ನು ಯಾರೂ ತಿಂದಿರಲಿಲ್ಲವಲ್ಲ.

ಅದಾದ ಮೇಲೆ ಬೀದಿಗೆ ಬೀದಿಯೇ ತೂಗಿಸಿಕೊಳ್ಳಲು ಬರತೊಡಗಿತು. ಬೆಳಗ್ಗೆ ಲಾರಿಗಳಿಗಿಂತ ಮುಂಚೆ ಹೆಂಗಸರು ಗಂಡಸರು ಸಾಲು ನಿಲ್ಲುತ್ತಿದ್ದರು. ತಕ್ಕಡಿಯವರು ಗಾಜಿನ ಕೋಣೆಯಿಂದ ಮೈಕಿನಲ್ಲಿ ಕೂಗುತ್ತಿದ್ದರು: “ಮುಂದೆ ಬನ್ನಿ. ನಡುವೆ ನಿಲ್ಲಿ. ಅಲ್ಲಾಡ್ಬೇಡಿ. ಎಂಬತ್ತು. ಇಳೀರಿ.” ಎದುರು ಮನೆಯ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸಿಗೆ ಬೀದಿಯಲ್ಲಿ ಬ್ಯಾಂಕಮ್ಮ ಎಂದೇ ಹೆಸರು. ಎಂಬತ್ತೆಂದು ಕೇಳಿದ್ದೇ ಆಕೆ ಕೆಂಡವಾದಳು.

“ರೀ ಅಣ್ಣ, ಮೈಕಲ್ಲಿ ಕೂಗ್ಬೇಕಾ? ನಾವೇನು ಜಲ್ಲಿಕಲ್ಲಾ?”

ಆದರೂ ಹಾಲು ಬಿಟ್ಟಳು. ಹಾಲಿಲ್ಲದೆ ಕಾಫಿಯಿಲ್ಲ, ಕಾಫಿಯಿಲ್ಲದೆ ಕೇಕ್ ಯಾಕೆಂದು ಸಂಜೆಯ ಕೇಕನ್ನೂ ಬಿಟ್ಟಳು. ಕೆಲವು ವಾರ ಬಿಟ್ಟು ಬಂದು ನಿಂತರೆ ಅರವತ್ತು! ಆ ದಿನ ಮೈಕಿನಲ್ಲಿ ಇನ್ನೂ ಗಟ್ಟಿಯಾಗಿ ಕೂಗಲು ಆಕೆಯೇ ಹೇಳಿದಳು, ಎರಡು ಸಲ.

ಎಲ್ಲರಿಗೂ ಅಂಥ ಭಾಗ್ಯ ಒದಗಲಿಲ್ಲ. ಬಹಳ ಜನರ ಅಂಕಿ ಇದ್ದಲ್ಲೇ ಇತ್ತು. ಅಂಥವರನ್ನು ಬೀದಿ ಸಂಶಯದಿಂದ ನೋಡಿತು. ಕದ್ದು ಕುಡಿಯುತ್ತಿರಬೇಕು! ಎಲ್ಲಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ಮೇಷ್ಟ್ರಿಗೆ. ಹಾಲಿನ ವಿರುದ್ಧ ದಿನಾ ಭಾಷಣ ಮಾಡುತ್ತಿದ್ದ ಅವರು ಅರವತ್ತರಿಂದ ಎಂಬತ್ತಕ್ಕೆ ಏರಿದರು.

“ಬೆಕ್ಕು ಕಣ್ಣು ಮುಚ್ಚಿ ಕುಡಿದ ಹಾಗಾಯ್ತು ಮೇಷ್ಟ್ರೆ,” ಎಂದಳು ಬ್ಯಾಂಕಮ್ಮ.

“ಒಂದು ತೊಟ್ಟು ಮುಟ್ಟಿಲ್ಲಮ್ಮ! ಬರೀ ಹಣ್ಣಿನ ರಸ ಕುಡೀತಿದೀನಿ, ಜಗ್ ಗಟ್ಟಲೆ!”

“ಮಷೀನ್ ಸುಳ್ಳು ಹೇಳಲ್ಲ,” ಎಂದರು ತಕ್ಕಡಿಯವರು ಮೈಕಿನಲ್ಲಿ. ಮೇಷ್ಟ್ರು ತಲೆ ತಗ್ಗಿಸಿ ಇಳಿದರು. ಅವರ ಹೆಂಡತಿ ಆ ರಾತ್ರಿ ಅವರ ಪುಸ್ತಕದ ಕಪಾಟನ್ನೆಲ್ಲ ಹುಡುಕಿದರೆಂದು ಸುದ್ದಿ.

ಇತ್ತ ಭಾಮೈದನ ಅಂಗಡಿಯಲ್ಲಿ ಬೆಳಗ್ಗೆ ಬಂದ ಹಾಲು ಸಂಜೆಗೂ ಹಾಗೇ ಉಳಿಯುತ್ತಿತ್ತು. ಉಳಿದ ಹಾಲನ್ನು ಮೊಸರು ಮಾಡಿದ, ಮೊಸರೂ ಉಳಿಯಿತು. ಮೊಸರನ್ನು ಮಜ್ಜಿಗೆ ಮಾಡಿ ದಾರಿಹೋಕರಿಗೆ ಪುಕ್ಕಟೆ ಕೊಡಲು ನಿಂತ. ಜನ ದಾರಿ ಬದಲಿಸಿದರು. ಒಂದು ಸಂಜೆ ಅವನು ಅಕ್ಕನ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

“ಭಾವ, ನಾನು ನಿಮಗೇನು ಕೆಟ್ಟದ್ದು ಮಾಡಿದೀನಿ? ಪ್ರೀತಿಯಿಂದ ಒಂದು ಪಾತ್ರೆ ಮೊಸರು ತಂದ್ಕೊಟ್ಟೆ. ನೀವು ಹೊಟ್ಟೆ ತುಂಬ ತಿಂದು ನನ್ನ ಹೊಟ್ಟೆ ಮೇಲೆ ಹೊಡೆದ್ರಿ.”

“ನಾನೇನೂ ಮಾಡ್ಲಿಲ್ಲಪ್ಪ. ಮಷೀನ್ ತೋರಿಸ್ತು, ನಾನು ಹೇಳ್ದೆ.”

“ಡೇರಿಯ ಸೂಪರ್‌ವೈಸರ್ ಬಂದಿದ್ದ. ಈ ತಿಂಗಳು ಮುಗಿಯೋದ್ರೊಳಗೆ ಮೊದಲಿನ ಹಾಗೆ ಹಾಲು ಹೋಗದಿದ್ರೆ ಅಂಗಡಿ ಬೇರೆಯವರಿಗಂತೆ.”

ಹೆಂಡತಿ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟಳು. ಅವಳು ಎತ್ತಿ ಆಡಿಸಿದ ತಮ್ಮ ಅವನು. ಅವನಿಗೆ ಆ ಅಂಗಡಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

“ಕೇಳಿಸ್ತಾ?” ಎಂದಳು ಗಂಡನಿಗೆ.

“ತೂಕದ ವಿಷಯದಲ್ಲಿ ನೆಂಟಸ್ತಿಕೆ ನೋಡೋಕಾಗಲ್ಲ,” ಎಂದರು ತಕ್ಕಡಿಯವರು. ಕೆಲಸಕ್ಕೆ ಸೇರಿದಾಗಿನಿಂದ ಅವರು ಈ ಮಾತಿಗೆ ಸರಿಯಾದ ಸಂದರ್ಭ ಹುಡುಕುತ್ತಿದ್ದರು. ಸಂದರ್ಭ ಸಿಕ್ಕಿತು, ಆದರೆ ಆ ರಾತ್ರಿಯ ಊಟ ತಣ್ಣಗಿತ್ತು.

ಹಾಲು ಬಿಟ್ಟ ಮನುಷ್ಯ ಖಾಲಿ ಬಾಯಲ್ಲಿ ಇರುತ್ತಾನೆಯೇ? ಹಾಲಿಲ್ಲದ ಚಹಾ ಕಹಿಯೆಂದು ತಕ್ಕಡಿಯವರು ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಳ್ಳತೊಡಗಿದರು, ಮತ್ತು ಒಂದೊಂದು ಲಾರಿ ಬಂದಾಗಲೂ ಕುಡಿಯತೊಡಗಿದರು. ಮಜ್ಜಿಗೆಯ ಹೊತ್ತಿಗೆ ಬಾಟಲಿಯ ಕಿತ್ತಳೆ ಪಾನಕ ಬಂತು. ಊಟದ ಕೊನೆಗೆ ಮೊಸರಿಲ್ಲದೆ ಏನೋ ಬಾಕಿಯಿದೆ ಅನ್ನಿಸುತ್ತಿತ್ತು. ಆ ಬಾಕಿಗೆ ಒಂದು ಪೊಟ್ಟಣ ಕ್ರೀಮ್ ಬಿಸ್ಕತ್ತು ಬೇಕಾಗುತ್ತಿತ್ತು. ಇದೆಲ್ಲ ತಪಸ್ಸಿನ ಭಾಗವೆಂದೇ ಅವರು ತಿಳಿದಿದ್ದರು. ಪ್ಯಾಂಟಿನ ಗುಂಡಿ ಹಾರಿಹೋದ ದಿನ ವಾಷಿಂಗ್ ಮಷೀನಿಗೆ ಇನ್ನೊಂದು ಸುತ್ತು ಬೈಗುಳ ಬಿತ್ತು.

ಆಮೇಲೊಂದು ಬೆಳಗ್ಗೆ ಮತ್ತೆ ನೂರು ಬಂತು. ಚಪ್ಪಲಿ ತೆಗೆದರೂ ನೂರು. ಬರಿಗಾಲಲ್ಲಿ, ಉಸಿರು ಹಿಡಿದು ನಿಂತರೂ ನೂರು. ಮರುದಿನವೂ ನೂರು.

ತಕ್ಕಡಿಯವರ ತಲೆಯಲ್ಲಿ ಒಂದೇ ಉತ್ತರ ಹೊಳೆಯಿತು. ಯಾರೋ ತಮಗೆ ಗೊತ್ತಿಲ್ಲದ ಹಾಗೆ ಹಾಲು ಹೇರುತ್ತಿದ್ದಾರೆ! ಲಾರಿಯವರು ತೂಕ ಹೆಚ್ಚಿಸಲು ಮರಳಿಗೆ ನೀರು ಹೊಡೆಯುವುದನ್ನು ಹಿಡಿದ ಮನುಷ್ಯ ಅವರು. ಮನೆಗೆ ಬಂದವರೇ ಅಡುಗೆಮನೆಗೆ ನುಗ್ಗಿ ಡಬ್ಬಗಳ ಮುಚ್ಚಳ ತೆಗೆದು ಮೂಸತೊಡಗಿದರು. ತಮ್ಮನ ಕಷ್ಟ ಕೇಳಲು ಹೆಂಡತಿ ಅವನನ್ನು ಕರೆಸಿದ್ದಳು. ಇಬ್ಬರೂ ಮಾತು ನಿಲ್ಲಿಸಿ ನೋಡಿದರು.

“ಏನ್ ಹುಡುಕ್ತಿದೀರಿ?”

“ನಿಜ ಹೇಳು. ಸಾರಿಗೆ ಹಾಲು ಬೆರೆಸ್ತಿರೋದು ನೀನಾ, ನಿನ್ನ ತಮ್ಮನಾ?”

“ಏನಂದ್ರಿ?”

“ಅಂಗಡೀಲಿ ಉಳಿದಿದ್ದನ್ನೆಲ್ಲ ನನ್ನೊಳಗೆ ತುಂಬಿಸ್ತಿದೀರಿ! ಅಕ್ಕ ತಮ್ಮ ಇಬ್ಬರೂ ಸೇರಿ!”

“ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ,” ಎಂದ ಭಾಮೈದ, ಗೋಡೆಗೆ ಹೇಳುವಂತೆ.

“ಯಾರನ್ನೋ ಕೋತಿ ಅನ್ನೋದು?”

“ಮೇಕೆ ಯಾರು ಅಂತ ನಂಗೊತ್ತು. ಉಳಿದಿದ್ದು ನೀವೇ ಲೆಕ್ಕ ಹಾಕಿ ಭಾವ.”

ಹೆಂಡತಿ ಕೂಗಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು. “ಚಪ್ಪಲಿ ಹಾಕ್ಕೊಳ್ಳಿ,” ಎಂದಳು. “ಡಾಕ್ಟರ ಹತ್ರ ಹೋಗೋಣ. ನಾನು ಹಾಲು ಕುಡಿಸಿದೀನಾ ಇಲ್ವಾ ಅನ್ನೋದು ಅಲ್ಲೇ ತೀರ್ಮಾನ ಆಗ್ಲಿ.”

ಡಾಕ್ಟರಮ್ಮನ ಕೋಣೆ ಚಿಕ್ಕದು. ಮೂಲೆಯಲ್ಲಿ ಒಂದು ತೂಕದ ಯಂತ್ರ, ಊಟದ ತಟ್ಟೆಯಷ್ಟು ಅಗಲ. ತಕ್ಕಡಿಯವರು ಅದನ್ನು ಮೇಲಿನಿಂದ ನೋಡಿದರು.

“ಇದಕ್ಕೆ ತೂಕದ ಇಲಾಖೆಯ ಸೀಲ್ ಇದೆಯಾ ಮೇಡಂ?”

“ಇದೆ. ಹತ್ತಿ.”

ಹತ್ತಿದರು. ತೊಂಬತ್ತೆರಡು, ಒಂದು ಚುಕ್ಕೆ, ನಾಲ್ಕು.

“ಈ ಚುಕ್ಕೆ ಆದ್ಮೇಲಿಂದು ಏನು?”

“ನಾನೂರು ಗ್ರಾಂ.”

“ಗ್ರಾಂ!” ಎಂದರು ತಕ್ಕಡಿಯವರು. ಇರುವೆಗಳ ತೂಕದ ಬಗ್ಗೆ ಕೇಳಿದವರ ಹಾಗೆ.

ಡಾಕ್ಟರಮ್ಮ ಅವರ ಸೊಂಟಕ್ಕೆ ಟೇಪು ಹಿಡಿದರು. ಹಿಡಿಯಲು ನರ್ಸನ್ನೂ ಕರೆಯಬೇಕಾಯಿತು. ರಕ್ತ ತೆಗೆಸಿ ಮರುದಿನ ಮತ್ತೆ ಬರಹೇಳಿದರು. ಮರುದಿನ ಗಂಡ ಹೆಂಡತಿ ಎದುರು ಕೂತಾಗ ಕನ್ನಡಕ ಸರಿಮಾಡಿಕೊಂಡು ಹೇಳಿದರು:

“ಸಕ್ಕರೆ ಗಡಿ ಹತ್ರ ಬಂದಿದೆ. ರಕ್ತದಲ್ಲಿ ಕೊಬ್ಬು ಗಡಿ ದಾಟಿದೆ. ಸೊಂಟ ಯಾವತ್ತೋ ದಾಟಿದೆ.”

“ಮೊಸರಿಂದ,” ಎಂದರು ತಕ್ಕಡಿಯವರು, ಹೆಂಡತಿಯ ಕಡೆ ತಿರುಗಿ.

“ಏನೇನು ತಿಂತೀರಿ ಹೇಳಿ.”

ಹೆಂಡತಿ ಹೇಳಿದಳು. ಚಹಾದ ಸಕ್ಕರೆಯಿಂದ ಶುರುಮಾಡಿ ಬಿಸ್ಕತ್ತಿನ ಪೊಟ್ಟಣದವರೆಗೆ ಒಂದನ್ನೂ ಬಿಡಲಿಲ್ಲ. ತಕ್ಕಡಿಯವರಿಗೆ ಗೊತ್ತಿಲ್ಲದ ಪೊಟ್ಟಣಗಳೂ ಅದರಲ್ಲಿದ್ದವು.

“ನೋಡಿ,” ಎಂದರು ಡಾಕ್ಟರಮ್ಮ. “ತೂಕ ಹೆಚ್ಚಿರೋರಿಗೆ ಹಾಲು ಮೊಸರು ಕೊಟ್ಟು ಬೇಕಾದಷ್ಟು ಪರೀಕ್ಷೆ ಮಾಡಿದಾರೆ. ದೊಡ್ಡ ಕೇಡೂ ಕಂಡಿಲ್ಲ, ದೊಡ್ಡ ಪವಾಡವೂ ಕಂಡಿಲ್ಲ. ಸಕ್ಕರೆ ಹಾಕದ ಮೊಸರು ಒಂದು ಬಟ್ಟಲು ತಿಂದ್ರೆ ಏನೂ ಆಗಲ್ಲ. ಪಾತ್ರೆ ಬಳಿಯೋದು ಬೇಡ. ಅದನ್ನ ಬಿಟ್ಟು ಆ ಜಾಗಕ್ಕೆ ಏನು ತಂದ್ರಿ ಅನ್ನೋದೇ ಮುಖ್ಯ. ನೀವು ತಂದಿರೋದು ಸಕ್ಕರೆ.”

“ಹಾಗಾದ್ರೆ ಒಂದು ರಾತ್ರೀಲಿ ಇಪ್ಪತ್ತು ಕಿಲೋ ಹೇಗೆ ಏರ್ತು? ಮಷೀನ್ ಸುಳ್ಳು ಹೇಳಲ್ಲ ಮೇಡಂ.”

“ನಿಮ್ಮ ಮಷೀನ್ ಸುದ್ದಿ ನನಗೂ ಬಂದಿದೆ. ಅದರ ಮೇಲೆ ಎಪ್ಪತ್ತೈದು ಕಿಲೋದೋರು ನಿಂತ್ರೆ ಎಷ್ಟು ತೋರಿಸುತ್ತೆ?”

“ಎಂಬತ್ತು.”

“ಎಂಬತ್ತೈದರೋರು ನಿಂತ್ರೆ?”

“ಎಂಬತ್ತು. ಅದು ಇಪ್ಪತ್ತಿಪ್ಪತ್ತಾಗೇ…”

ಮಾತು ಅಲ್ಲಿಗೆ ನಿಂತಿತು. ತಕ್ಕಡಿಯವರ ಬಾಯಿ ತೆರೆದೇ ಇತ್ತು. ಲಾರಿಗಳ ವಿಷಯದಲ್ಲಿ ಗೊತ್ತಿದ್ದದ್ದು ಮೊದಲ ಸಲ ಮನುಷ್ಯರ ವಿಷಯಕ್ಕೂ ಬಂದು ತಲುಪುತ್ತಿತ್ತು, ನಿಧಾನವಾಗಿ, ಏರಿನಲ್ಲಿ ಭಾರದ ಗಾಡಿ ಬಂದ ಹಾಗೆ.

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು. ನಗು ಒಂದು ಹಂತಕ್ಕೆ ಬಂದ ಮೇಲೆ ಕೇಳಿದಳು: “ಹಾಗಾದ್ರೆ ಮದುವೇಲಿ ನೀವು ಎಷ್ಟಿದ್ರಿ?”

“ಗೊತ್ತಿಲ್ಲ,” ಎಂದರು ತಕ್ಕಡಿಯವರು. ಆ ಮಾತು ಅವರ ಬಾಯಿಂದ ಬಂದದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ. ನಗು ನಿಲ್ಲಿಸಿದಳು.

ದಾರಿಯಲ್ಲಿ ಅವಳು ಹೇಳಿದ್ದು ಒಂದೇ. “ನಾಳೆ ಬೀದಿಯವರಿಗೆ ಹೇಳ್ಬೇಕು. ತಿಂಗಳು ಮುಗೀತಾ ಬಂತು.”

“ನಗ್ತಾರೆ ಕಣೇ. ನಾಳೆಯಿಂದ ಯಾವ ಡ್ರೈವರ್ ನನ್ನ ಮಾತು ನಂಬ್ತಾನೆ? ತನ್ನ ತೂಕ ಗೊತ್ತಿಲ್ಲದೋನು ನಮ್ಮ ತೂಕ ಹೇಳ್ತಾನೆ ಅಂತಾರೆ.”

“ಅನ್ಲಿ. ಅವನ ಅಂಗಡಿ ಹೋದ್ರೆ ಅವನು ಏನು ಮಾಡ್ತಾನೆ?”



ಮರುದಿನ ಬೆಳಗ್ಗೆ ತಕ್ಕಡಿಯವರು ವೇಬ್ರಿಡ್ಜಿನ ಮುಂದೆ ಸೇರಿದ್ದ ಜನರಿಗೆ ಮೈಕಿನಲ್ಲಿ ಎಲ್ಲವನ್ನೂ ಹೇಳಿದರು. ಯಂತ್ರದ್ದು ತಪ್ಪಿಲ್ಲ, ಅದು ಲಾರಿಯದ್ದು, ತಪ್ಪು ತಮ್ಮದು, ಮೊಸರಿಗೂ ಇಪ್ಪತ್ತು ಕಿಲೋಗೂ ಸಂಬಂಧವಿಲ್ಲ, ಯಾರೂ ಇಪ್ಪತ್ತು ಏರಿಲ್ಲ, ಯಾರೂ ಇಪ್ಪತ್ತು ಇಳಿದಿಲ್ಲ. ನಗು ಬರುವುದೆಂದು ಕಣ್ಣು ಮುಚ್ಚಿ ಕಾದರು.

ಯಾರೂ ನಗಲಿಲ್ಲ. ಕೋಪಗೊಂಡರು.

“ಇಳಿದಿಲ್ಲ ಅಂದ್ರೇನರ್ಥ?” ಬ್ಯಾಂಕಮ್ಮ ಮುಂದೆ ಬಂದಳು. “ಇಪ್ಪತ್ತು ಕಿಲೋ ಇಳಿಸಿದೀನಿ ಅಂತ ಇಡೀ ಬ್ರಾಂಚಿಗೆ ಪಾರ್ಟಿ ಕೊಟ್ಟಿದೀನಿ. ಈಗ ಅದನ್ನ ವಾಪಸ್ ತಗೋ ಅಂತೀರಾ? ನಾನು ತಗೊಳ್ಳಲ್ಲ.”

“ಭಾಮೈದನ ಅಂಗಡಿಗೋಸ್ಕರ ಮಾತು ತಿರುಗಿಸ್ತಿದಾರೆ,” ಎಂದಿತು ಹಿಂದಿನಿಂದ ಒಂದು ದನಿ.

“ಹೌದು ಮತ್ತೆ, ನೆಂಟಸ್ತಿಕೆ!”

ಮೇಷ್ಟ್ರೊಬ್ಬರೇ ಸಂತೋಷಪಟ್ಟರು. “ನೋಡಿದ್ರಾ? ನಾನು ಕದ್ದು ಕುಡಿದಿರ್ಲಿಲ್ಲ!” ಎಂದು ಒಬ್ಬೊಬ್ಬರ ಬಳಿಯೂ ಹೋಗಿ ಹೇಳಿದರು. ಯಾರೂ ಕಿವಿಗೊಡಲಿಲ್ಲ.

ಆಗ ಭಾಮೈದ ಅಂಗಡಿಯಿಂದ ತಂದಿದ್ದ ಕ್ಯಾನಿನಿಂದ ಒಂದು ದೊಡ್ಡ ಲೋಟ ತುಂಬ ಹಾಲು ಬಗ್ಗಿಸಿದ. “ಭಾವ, ಮಾತು ಸಾಕು. ಹತ್ತಿ ನಿಲ್ಲಿ. ಎಲ್ಲರೆದುರು ಇದನ್ನ ಕುಡೀರಿ. ಏರುತ್ತಾ ನೋಡೇ ಬಿಡೋಣ.”

“ಅದು ಮೋಸ ಕಣಯ್ಯ,” ತಕ್ಕಡಿಯವರು ಪಿಸುಗುಟ್ಟಿದರು. “ಒಂದು ಲೋಟ ಹಾಲು ಈ ಮಷೀನಿಗೆ ಗೊತ್ತೇ ಆಗಲ್ಲ. ಲೆಕ್ಕಕ್ಕೇ ಬರಲ್ಲ.”

“ಅವತ್ತು ನಿಮ್ಮ ಎರಡು ಬಟ್ಟಲು ಮೊಸರು ಮಾತ್ರ ಲೆಕ್ಕಕ್ಕೆ ಬಂತಾ?” ಎಂದಳು ಹೆಂಡತಿ. “ಕುಡೀರಿ.”

ತಕ್ಕಡಿಯವರು ಹಾಸಿನ ನಡುವೆ ಹೋಗಿ ನಿಂತರು. ನೂರು. “ಇದು ಪುರಾವೆಯಲ್ಲ,” ಎಂದು ಮೊದಲೇ ಘೋಷಿಸಿದರು. ಲೋಟ ಎತ್ತಿದರು. ಇಡೀ ಬೀದಿ, ಅದರ ಹಿಂದೆ ಲಾರಿಗಳ ಸಾಲು, ಎಲ್ಲ ಕಣ್ಣುಗಳೂ ಕೆಂಪು ಅಂಕಿಯ ಮೇಲೆ. ಅವರ ಗಂಟಲು ಏರಿಳಿಯಿತು. ಅಂಕಿ ಅಲುಗಲಿಲ್ಲ. ಲೋಟ ಖಾಲಿಯಾಯಿತು. ಅಂಕಿ ಅಲುಗಲಿಲ್ಲ. ತುಟಿಯ ಮೇಲಿನ ಬಿಳಿ ಮೀಸೆ ಒರೆಸಿಕೊಂಡರು. ನೂರಕ್ಕೆ ನೂರು.

“ಏರ್ಲಿಲ್ಲ!” ಎಂದು ಒಬ್ಬ ಡ್ರೈವರ್ ಕೂಗಿದ.

“ಒಂದು ಗ್ರಾಮೂ ಏರ್ಲಿಲ್ಲ!” ಎಂದಳು ಬ್ಯಾಂಕಮ್ಮ.

“ಏರಿದೆ!” ತಕ್ಕಡಿಯವರು ಕೂಗಿದರು. “ಕುಡಿದಷ್ಟು ಏರೇ ಏರುತ್ತೆ! ಮಷೀನಿಗೆ ಕಾಣ್ಸಲ್ಲ ಅಷ್ಟೇ! ಕೇಳಿ ಇಲ್ಲಿ, ಒಂದು ಲೋಟ ಸಾಕು, ಸಕ್ಕರೆ ಹಾಕ್ಬೇಡಿ…”

ಯಾರಿಗೆ ಬೇಕು? ಜನ ಕ್ಯಾನಿನ ಸುತ್ತ ಮುಗಿಬಿದ್ದಿದ್ದರು. ಭಾಮೈದ, “ಇಲ್ಲಿ ಖಾಲಿಯಾಯ್ತು, ಅಂಗಡಿಗೆ ಬನ್ನಿ, ಅಂಗಡಿಗೆ ಬನ್ನಿ,” ಎನ್ನುತ್ತ ಹಿಂದೆ ನೋಡಿಕೊಂಡೇ ಓಡುತ್ತಿದ್ದ. ಬೀದಿ ಅವನ ಹಿಂದೆ ಓಡುತ್ತಿತ್ತು. ವಾರಗಟ್ಟಲೆ ಹಾಲು ಕಾಣದ ಬಾಯಿಗಳು.

ಬ್ಯಾಂಕಮ್ಮ ಮಾತ್ರ ಅರ್ಧ ದಾರಿಯಿಂದ ತಿರುಗಿ ಬಂದಳು.

“ಅಣ್ಣ, ನನ್ನ ಇಪ್ಪತ್ತು?”

“ನಿಮ್ಮದೇನಮ್ಮ, ಹೆಚ್ಚಂದ್ರೆ ಎರಡೋ ಮೂರೋ…” ಎಂದು ಶುರುಮಾಡಿದ ತಕ್ಕಡಿಯವರು ಆಕೆಯ ಮುಖ ನೋಡಿದರು. “ಇರ್ಲಿ. ಕೇಕ್ ಮಾತ್ರ ಮತ್ತೆ ಹಿಡೀಬೇಡಿ.”

ಆಕೆ ತೃಪ್ತಿಯಿಂದ ಹೋದಳು. ಹಾಸಿನ ಮೇಲೆ ಅವರೊಬ್ಬರೇ ಉಳಿದರು, ಕೈಯಲ್ಲಿ ಖಾಲಿ ಲೋಟ. ಲಾರಿ ತೂಗಲು ಶುರುಮಾಡಿದಾಗಿನಿಂದ ಅವರು ಒಂದೇ ಒಂದು ತಪ್ಪು ತೂಕವನ್ನೂ ಬರೆದುಕೊಟ್ಟಿರಲಿಲ್ಲ. ಇವತ್ತು ನಿಜ ಹೇಳಿದಾಗ ಯಾರೂ ನಂಬಲಿಲ್ಲ. ಏನನ್ನೂ ತೋರಿಸದ ಒಂದು ಅಂಕಿಯನ್ನು ಎಲ್ಲರೂ ನಂಬಿದರು. ಮತ್ತು ಅದರಿಂದ ಒಂದು ಅಂಗಡಿ ಉಳಿಯಿತು. ಇದನ್ನು ಎಲ್ಲಿ ಸೇರಿಸಬೇಕು, ಎಲ್ಲಿ ಕಳೆಯಬೇಕು, ಅವರಿಗೆ ತಿಳಿಯಲಿಲ್ಲ.

ಹೆಂಡತಿ ಹಾಸಿನ ಮೇಲೆ ನಡೆದು ಬಂದು ಅವರ ಪಕ್ಕ ನಿಂತಳು. ಲೋಟ ತೆಗೆದುಕೊಂಡಳು. ಮೇಲೆ ಕೆಂಪು ಅಂಕಿ ಮಿನುಗಿ ಬದಲಾಯಿತು. ತಕ್ಕಡಿಯವರ ತಲೆ ಅಭ್ಯಾಸಬಲದಿಂದ ಮೇಲಕ್ಕೆ ಹೊರಳಿತು.

“ನೋಡಿದ್ರೆ ನೋಡಿ,” ಎಂದಳು ಹೆಂಡತಿ. “ಅದ್ರಲ್ಲಿ ನಂದೆಷ್ಟು ಅಂತ ಮೈಕಲ್ಲಿ ಕೂಗಿದ್ರೆ ಮಾತ್ರ ಸುಮ್ನಿರಲ್ಲ.”

ತಕ್ಕಡಿಯವರು ಓದಿಕೊಂಡರು. ತುಟಿ ಬಿಚ್ಚಲಿಲ್ಲ.

ಸಾಲಿನ ಮೊದಲ ಲಾರಿ ಹಾರನ್ ಹೊಡೆಯಿತು. “ಸಾಹೇಬ್ರೆ, ಅಕ್ಕಾವ್ರನ್ನ ತೂಗಿದ್ದು ಮುಗೀತಾ? ನಾವೂ ಇದೀವಿ!”

“ತೂಗ್ತಿಲ್ಲಪ್ಪ,” ಎಂದರು ತಕ್ಕಡಿಯವರು. “ಸುಮ್ನೆ ನಿಂತಿದೀವಿ.”